ನಳ ಬರುವ ದಿನ ಬಿಟ್ಟು ಕೇಳಿ: ಕಲಬುರಗಿಯ ಒಂದು ಸಂಜೆ ಪಾಠದ ಪ್ರಕರಣ

ಇದು ಕಲಬುರಗಿ ನಗರದ ಒಂದು ಓಣಿಯಲ್ಲಿ ಹತ್ತನೇ ತರಗತಿ ಮಕ್ಕಳಿಗಾಗಿ ನಡೆದ ಉಚಿತ ಸಂಜೆ ಪಾಠದ ಪ್ರಕರಣ. ಅದರಲ್ಲೂ ಅಲ್ಲಿ ಗಣಿತ ಹೇಳಿಕೊಡುತ್ತಿದ್ದ ಒಬ್ಬ ಸ್ವಯಂಸೇವಕಿಯ ಪ್ರಕರಣ. 2024ರ ಜೂನ್‌ನಲ್ಲಿ ಶುರುವಾಗಿ ಒಂದು ಶಾಲಾ ವರ್ಷ ನಡೆದದ್ದು. ಓಣಿಯ ಹೆಸರು, ಜನರ ಹೆಸರು ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನೂ ಬದಲಿಸಿದ್ದೇನೆ. ಮಕ್ಕಳು ಆಕೆಯನ್ನು ‘ಲೆಕ್ಕದ ಅಕ್ಕ’ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಯಾರು ಯಾವ ದಿನ ಪಾಠ ತೆಗೆದುಕೊಳ್ಳಬೇಕು ಎಂದು ಹೊಂದಿಸುವ ಕೆಲಸ ನನ್ನದಾಗಿತ್ತು. ಹಾಗಾಗಿ ಹಾಜರಿ ಪುಸ್ತಕ ನನ್ನ ಹತ್ತಿರವೇ ಇತ್ತು.

ಓಣಿಗೆ, ಊರಿಗೆ ಏನಾದರೂ ಮಾಡಬೇಕು ಅನ್ನುವ ಆಸೆ ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಮಾತು ನಿಲ್ಲುವುದು ‘ಟೈಮ್ ಸಿಗಲ್ಲ’ ಅನ್ನುವಲ್ಲಿ. ಆ ಟೈಮ್ ಎಲ್ಲಿ ಹೋಗುತ್ತದೆ, ಯಾರ ಕೈಯಿಂದ ಹೋಗುತ್ತದೆ ಎಂದು ಹತ್ತಿರದಿಂದ ನೋಡುವ ಅವಕಾಶ ಈ ಪ್ರಕರಣದಲ್ಲಿ ಸಿಕ್ಕಿತು. ಅದಕ್ಕೇ ಬರೆಯುತ್ತಿದ್ದೇನೆ.

ಹಿನ್ನೆಲೆ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಶೇ 94ರೊಂದಿಗೆ ಮೊದಲು ಬಂತು. ಯಾದಗಿರಿ ಶೇ 50.59ರೊಂದಿಗೆ ಕೊನೆಗೆ ನಿಂತಿತು. ಯಾದಗಿರಿ 2009ರ ಡಿಸೆಂಬರ್‌ವರೆಗೆ ನಮ್ಮ ಜಿಲ್ಲೆಯದೇ ಭಾಗವಾಗಿತ್ತು. ಅಲ್ಲಿನ ಮಕ್ಕಳ ಕಷ್ಟ ಇಲ್ಲಿನ ಮಕ್ಕಳ ಕಷ್ಟವೂ ಹೌದು. ಆ ಮೇ ತಿಂಗಳಲ್ಲಿ ನಮ್ಮ ಓಣಿಯ ಕೆಲವರು ಸೇರಿ, ಸರ್ಕಾರಿ ಪ್ರೌಢಶಾಲೆಗೆ ಹೋಗುವ ಮಕ್ಕಳಿಗೆ ಸಂಜೆ ಪಾಠ ಶುರು ಮಾಡೋಣ ಎಂದು ತೀರ್ಮಾನಿಸಿದೆವು. ಸಮುದಾಯ ಭವನದ ಒಂದು ಕೋಣೆ ಸಿಕ್ಕಿತು. ಕರಿಹಲಗೆಯನ್ನು ಹಳೆಯ ಶಾಲೆಯೊಂದರಿಂದ ತಂದೆವು.

ಬಂದ ಮಕ್ಕಳಲ್ಲಿ ಹೆಚ್ಚಿನವರ ತಂದೆ ಗೌಂಡಿ ಕೆಲಸ, ಹಮಾಲಿ ಮಾಡುವವರು ಅಥವಾ ಆಟೋ ಓಡಿಸುವವರು. ತಾಯಂದಿರು ನಾಲ್ಕಾರು ಮನೆಯ ಪಾತ್ರೆ, ಬಟ್ಟೆ ತೊಳೆಯುವವರು. ಮಕ್ಕಳು ಜಾಣರೇ. ಆದರೆ ಗಣಿತದಲ್ಲಿ ಐದನೇ, ಆರನೇ ತರಗತಿಯಲ್ಲಿ ಬಿಟ್ಟುಹೋದ ಭಿನ್ನರಾಶಿ, ಋಣಸಂಖ್ಯೆ ಹತ್ತನೇ ತರಗತಿಯ ವರ್ಗ ಸಮೀಕರಣದಲ್ಲಿ ಬಂದು ಕಾಲಿಗೆ ತೊಡರುತ್ತಿದ್ದವು. ಕನ್ನಡ ಮತ್ತು ಸಮಾಜ ವಿಜ್ಞಾನಕ್ಕೆ ಒಬ್ಬ ನಿವೃತ್ತ ಮಾಸ್ತರು ಸಿಕ್ಕರು. ವಿಜ್ಞಾನಕ್ಕೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ಬಂದರು. ಗಣಿತಕ್ಕೆ ಬಂದದ್ದು ಲೆಕ್ಕದ ಅಕ್ಕ ಮತ್ತು ಮನೆ ಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದ ಒಬ್ಬ ಹುಡುಗ.

ಅಕ್ಕ ಬಿ.ಕಾಂ. ಓದಿದವರು. ಊರ ಹೊರಗಿನ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಗಂಡ ಸಾರಿಗೆ ಬಸ್ಸಿನ ಕಂಡಕ್ಟರ್. ಎರಡು ಮಕ್ಕಳು, ಮೊಣಕಾಲು ನೋವಿನ ಅತ್ತೆ, ಎರಡು ಕೋಣೆಯ ಮನೆ. ಆಕೆಗೆ ಅಂಕಿ ಎಂದರೆ ಪ್ರೀತಿ. ಸಮಾಂತರ ಶ್ರೇಢಿಯನ್ನು ಚೀಟಿ ದುಡ್ಡಿನ ಕಂತಿನಿಂದ ಶುರು ಮಾಡಿ ಹೇಳಿಕೊಡುತ್ತಿದ್ದರು. ಮಕ್ಕಳು ಸೂತ್ರ ಬಾಯಿಪಾಠ ಮಾಡುವ ಮೊದಲೇ ಉತ್ತರ ಕಂಡುಹಿಡಿಯುತ್ತಿದ್ದರು. ಇಂಥವರು ಹುಡುಕಿದರೆ ಸಿಗುವವರಲ್ಲ.

ಎಲ್ಲಿ ತೊಡಕಾಯಿತು

ಮೊದಲ ಮಾತು ಹೀಗಿತ್ತು: ಸೋಮವಾರದಿಂದ ಶನಿವಾರ, ಸಂಜೆ ಆರೂವರೆಯಿಂದ ಎಂಟು. ಗಣಿತ ವಾರಕ್ಕೆ ನಾಲ್ಕು ದಿನ. ಅದರಲ್ಲಿ ಎರಡು ದಿನ ಅಕ್ಕನದು, ಎರಡು ದಿನ ಆ ಹುಡುಗನದು. ಜೂನ್, ಜುಲೈ ಚೆನ್ನಾಗಿ ಹೋಯಿತು. ಆಗಸ್ಟ್‌ನಿಂದ ಅಕ್ಕ ತಪ್ಪತೊಡಗಿದರು. ಒಂದು ವಾರ ಮಂಗಳವಾರ ಬರಲಿಲ್ಲ. ಮುಂದಿನ ವಾರ ಮಂಗಳವಾರ ಬಂದರು, ಶುಕ್ರವಾರ ತಪ್ಪಿದರು. ಕೆಲವೊಮ್ಮೆ ಏಳು ಗಂಟೆಗೆ ಓಡಿಬಂದು ಅರ್ಧ ಗಂಟೆ ಪಾಠ ಮಾಡಿ ಹೋಗುತ್ತಿದ್ದರು. ಯಾವ ದಿನ ತಪ್ಪುತ್ತದೆ ಎಂದು ಮೊದಲೇ ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಹುಡುಗನದು ಇನ್ನೂ ಕಷ್ಟ. ಸಂಜೆ ಏಳರಿಂದ ರಾತ್ರಿ ಹತ್ತರವರೆಗೇ ಅವನ ಕೆಲಸದಲ್ಲಿ ಆರ್ಡರ್ ಜಾಸ್ತಿ. ಗಣೇಶ ಚತುರ್ಥಿ ಹೊತ್ತಿಗೆ ಅವನು ಬಿಟ್ಟ.

ಪಾಠ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನಿಂದ ನೋಡುವವರಿಗೆ ‘ಒಂದು ದಿನ ತಾನೇ’ ಅನ್ನಿಸುತ್ತದೆ. ಗಂಡುಮಕ್ಕಳು ಪಾಠ ಇಲ್ಲವೆಂದರೆ ಕ್ರಿಕೆಟ್ ಆಡಿ ಮನೆಗೆ ಹೋಗುತ್ತಾರೆ. ಹೆಣ್ಣುಮಕ್ಕಳದು ಹಾಗಲ್ಲ. ಕತ್ತಲಾದ ಮೇಲೆ ಹೊರಗೆ ಹೋಗಲು ಅವರು ಮನೆಯಲ್ಲಿ ಕೇಳಿ, ಒಪ್ಪಿಸಿ ಬಂದಿರುತ್ತಾರೆ. ಹದಿನೈದು ನಿಮಿಷದಲ್ಲಿ ವಾಪಸ್ ಹೋಗಿ ‘ಇವತ್ತು ಪಾಠ ಇಲ್ಲಂತ’ ಎಂದು ಎರಡು ಮೂರು ಸಲ ಹೇಳಿದರೆ ಸಾಕು, ತಾಯಿ ‘ನಾಳಿಂದ ಬ್ಯಾಡ’ ಅಂದುಬಿಡುತ್ತಾಳೆ. ಆ ತಾಯಿಯ ಮಾತು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಮಗಳು ಎಲ್ಲಿದ್ದಾಳೆ ಎಂಬುದು ಅವಳಿಗೆ ಗೊತ್ತಿರಬೇಕಲ್ವಾ. ದಸರಾ ಹೊತ್ತಿಗೆ ಹೆಣ್ಣುಮಕ್ಕಳ ಸಾಲು ತೆಳ್ಳಗಾಗಿತ್ತು. ಗಣಿತ ನಿಂತರೆ ಕನ್ನಡವೂ ನಿಲ್ಲುತ್ತದೆ, ಏಕೆಂದರೆ ಮಕ್ಕಳು ಬರುತ್ತಿದ್ದದ್ದೇ ಗಣಿತಕ್ಕಾಗಿ.

ಮಾಡಿ ನೋಡಿದ್ದು

ಮೊದಲು ಗಣಿತವನ್ನು ಭಾನುವಾರಕ್ಕೆ ಹಾಕಿದೆವು. ಬೆಳಿಗ್ಗೆ ಮೂರು ಗಂಟೆ ಒಟ್ಟಿಗೆ. ರಜೆ ದಿನ ಎಲ್ಲರಿಗೂ ಬಿಡುವು ಇರುತ್ತದೆ ಎಂಬ ಲೆಕ್ಕ. ಆ ಬಿಡುವು ಯಾರಿಗೂ ಇರಲಿಲ್ಲ. ಅಕ್ಕನಿಗೆ ಭಾನುವಾರ ವಾರದ ಬಟ್ಟೆ, ನೆಂಟರ ಕಾರ್ಯಗಳು. ಮಕ್ಕಳಲ್ಲಿ ಹಲವರು ಆ ದಿನ ತಂದೆಯ ಜೊತೆ ಕೆಲಸಕ್ಕೆ ಹೋಗುತ್ತಿದ್ದರು. ಬಂದವರಿಗೂ ವಾರದ ಹಿಂದಿನದು ಮರೆತಿರುತ್ತಿತ್ತು. ಕೆಲವೇ ವಾರಗಳಲ್ಲಿ ಅದನ್ನು ಬಿಟ್ಟೆವು.

ಆಮೇಲೆ ಫೋನಿನ ಗುಂಪಿನಲ್ಲಿ ಬೆಳಿಗ್ಗೆಯೇ ನೆನಪು ಮಾಡುವ ಪದ್ಧತಿ ಬಂತು. ಅದರಿಂದ ಯಾರೂ ಹೆಚ್ಚು ಬರಲಿಲ್ಲ. ಬರಲಾಗದವರು ಉತ್ತರ ಕೊಡುವುದನ್ನೇ ನಿಲ್ಲಿಸಿದರು. ಮರೆತವರಿಗೆ ನೆನಪು ಮಾಡಬಹುದು. ಅಕ್ಕ ಯಾವತ್ತೂ ಮರೆತಿರಲಿಲ್ಲ.

ಕೊನೆಗೆ ದೀಪಾವಳಿ ಮುಂಚಿನ ಸಭೆಯಲ್ಲಿ ಒಂದು ಬಿಗಿ ನಿಯಮದ ಮಾತು ಬಂತು: ಮೂರು ಸಲ ತಪ್ಪಿದವರನ್ನು ಕೈಬಿಡುವುದು. ‘ದಾಸೋಹದ ಊರಿನಾಗ ಟೈಮ್ ಇಲ್ಲ ಅನಬಾರದ್ರಿ’ ಎಂದು ಹಿರಿಯರೊಬ್ಬರು ಅಂದರು. ಅವರು ಮನಸ್ಸಿಟ್ಟು ದುಡಿದವರು, ಆ ಮಾತಿಗೆ ಅವರಿಗೆ ಹಕ್ಕಿತ್ತು. ಆದರೆ ನಮ್ಮೂರ ಶರಣಬಸವೇಶ್ವರರ ದಾಸೋಹಕ್ಕೆ ರೈತರು ಜೋಳ ತಂದು ಕೊಡುವುದು ರಾಶಿ ಆದ ಮೇಲೆ, ಅಲ್ವಾ? ಬಿತ್ತನೆ ಹೊತ್ತಿನಲ್ಲಿ ಯಾರೂ ಅವರ ಮನೆಗೆ ಚೀಲ ಹಿಡಿದು ಹೋಗುವುದಿಲ್ಲ. ಕೊಡುವವರಿಗೂ ಒಂದು ಹಂಗಾಮು ಇರುತ್ತದೆ. ಸಭೆಯಲ್ಲಿ ನಿಯಮ ಒಪ್ಪಿಗೆ ಆಗಲಿಲ್ಲ, ಬಿದ್ದೂ ಹೋಗಲಿಲ್ಲ. ಮರುದಿನ ಅಕ್ಕನೇ ಫೋನ್ ಮಾಡಿದರು. ‘ನನ್ನ ಕೈಲಿ ಆಗಂಗಿಲ್ರೀ. ಮಕ್ಕಳಿಗಿ ಮೋಸ ಆಗ್ಲಾಕತ್ತದ. ಬ್ಯಾರೆಯವ್ರನ್ನ ನೋಡ್ರಿ.’

ಅತ್ತೆ ಹೇಳಿದ ಮಾತು

ಕೋಣೆಯ ಬೀಗದ ಕೈ ಮತ್ತು ಮಕ್ಕಳ ಟೆಸ್ಟ್ ಹಾಳೆಗಳು ಅಕ್ಕನ ಹತ್ತಿರ ಇದ್ದವು. ಅವನ್ನು ತರಲು ಒಂದು ಸಂಜೆ ಅವರ ಮನೆಗೆ ಹೋದೆ. ಓಣಿ ತುಂಬ ಮೋಟಾರಿನ ಸದ್ದು. ನಳ ಬಂದಿತ್ತು, ಅಂದರೆ ನಲ್ಲಿಯಲ್ಲಿ ನೀರು ಬಂದಿತ್ತು. ಅಕ್ಕ ಆಗಷ್ಟೇ ಮಿಲ್ಲಿನಿಂದ ಬಂದು, ಬ್ಯಾಗ್ ಕೂಡ ತೆಗೆದಿಡದೆ ಪೈಪ್ ಹಿಡಿದು ನಿಂತಿದ್ದರು. ಸಂಪು ಇಲ್ಲದ ಮನೆ. ಡ್ರಮ್ಮು, ಕೊಡ, ಬಕೆಟ್, ಕೊನೆಗೆ ಅಡುಗೆಯ ದೊಡ್ಡ ಪಾತ್ರೆಗಳೂ ತುಂಬಬೇಕು. ದೊಡ್ಡ ಮಗ ಕೊಡ ಒಳಗೆ ಸಾಗಿಸುತ್ತಿದ್ದ. ನನ್ನನ್ನು ಅತ್ತೆಯ ಹತ್ತಿರ ಕೂರಿಸಿದರು.

ಅತ್ತೆ ಹೇಳಿದ್ದು ಇಷ್ಟೇ: ‘ತಂಗಿ, ಆಕಿಗಿ ಮನಸ್ಸೇನು ಕಮ್ಮಿ ಇಲ್ಲ. ನಳ ಬರೋ ದಿನ ಬಿಟ್ಟು ಕರೀರಿ, ಬರ್ತಾಳ.’

ಗೋಡೆಯ ಮೇಲೆ ಒಂದು ಅಂಗಡಿಯ ಕ್ಯಾಲೆಂಡರ್ ಇತ್ತು. ನಳ ಬಂದ ದಿನಗಳಿಗೆ ನೀಲಿ ಪೆನ್ನಿನ ಸುತ್ತು. ಗಂಡ ಬೇರೆ ಊರಲ್ಲಿ ರಾತ್ರಿ ಉಳಿಯುವ ಡ್ಯೂಟಿಯ ದಿನಗಳಿಗೆ ‘ನೈಟ್’ ಎಂದು ಬರೆದಿತ್ತು. ಪ್ರತಿ ತಿಂಗಳ 11 ಮತ್ತು 20ಕ್ಕೆ ಕೆಂಪು ಗೆರೆ. ಅವು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆ ದಿನಗಳು, ಮಿಲ್ಲಿನಲ್ಲಿ ತಡವಾಗುವ ದಿನಗಳು. ನನ್ನ ಕೈಯಲ್ಲಿ ಹಾಜರಿ ಪುಸ್ತಕ ಇತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆವು. ಅಕ್ಕ ತಪ್ಪಿದ ದಿನಗಳಲ್ಲಿ ಹೆಚ್ಚಿನವು ನೀಲಿ ಸುತ್ತಿನೊಳಗೇ ಇದ್ದವು. ಉಳಿದವು ಕೆಂಪು ಗೆರೆಯ ಹತ್ತಿರ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅವರ ಸಾಲಿಗೆ ನೀರು ಬರುತ್ತಿದ್ದದ್ದು ನಾಲ್ಕೈದು ದಿನಕ್ಕೊಮ್ಮೆ. ನಾವು ಕೇಳಿದ್ದು ವಾರದ ಲೆಕ್ಕದಲ್ಲಿ: ಮಂಗಳವಾರ, ಶುಕ್ರವಾರ. ಐದು ದಿನದ ಸರದಿ ಏಳು ದಿನದ ವಾರದೊಳಗೆ ಜಾರುತ್ತಾ ಹೋಗುತ್ತದೆ. ಈ ಸಲ ಸೋಮವಾರ ಬಂದದ್ದು ಮುಂದಿನ ಸಲ ಶನಿವಾರ, ಆಮೇಲೆ ಗುರುವಾರ, ಮತ್ತೆ ಮಂಗಳವಾರ. ಹಾಗಾಗಿ ವಾರದ ಯಾವ ದಿನವನ್ನು ಕೊಟ್ಟರೂ ಅದು ಒಂದಲ್ಲ ಒಂದು ಸಲ ನೀರಿನ ದಿನಕ್ಕೆ ಹೋಗಿ ತಾಗುವುದೇ. ಅಕ್ಕ ದಿನ ಬದಲಿಸಿಕೊಂಡರೂ ಉಪಯೋಗವಿರಲಿಲ್ಲ. ಜೊತೆಗೆ ನಳ ಐದು ಗಂಟೆಗೂ ಬರಬಹುದು, ಒಂಬತ್ತಕ್ಕೂ ಬರಬಹುದು. ಬಂದಾಗ ಹಿಡಿಯದಿದ್ದರೆ ಮುಂದಿನ ನಾಲ್ಕು ದಿನ ಟ್ಯಾಂಕರ್‌ಗೆ ದುಡ್ಡು ಕೊಡಬೇಕು.

ಆ ರಾತ್ರಿ ಮನೆಗೆ ಬಂದು ಉಳಿದ ಸ್ವಯಂಸೇವಕರ ಹಾಜರಿಯನ್ನೂ ನೋಡಿದೆ. ಮಾಸ್ತರು ಮತ್ತು ಬ್ಯಾಂಕಿನವರು ಒಂದು ದಿನವೂ ತಪ್ಪಿರಲಿಲ್ಲ ಅನ್ನಬಹುದು. ಅವರ ಶ್ರದ್ಧೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರ ಮನೆಗಳಿಗೂ ನಳ ನಾಲ್ಕೈದು ದಿನಕ್ಕೊಮ್ಮೆಯೇ ಬರುತ್ತಿತ್ತು. ಹಿಡಿಯುತ್ತಿದ್ದವರು ಬೇರೆ. ಅವರು ಸಮುದಾಯ ಭವನದಲ್ಲಿ ಎಂಟರವರೆಗೆ ನಿಶ್ಚಿಂತೆಯಿಂದ ಕೂರಲು ಮನೆಯಲ್ಲಿ ಒಬ್ಬರು ಪೈಪ್ ಹಿಡಿದು ನಿಂತಿರುತ್ತಿದ್ದರು. ಅಕ್ಕನ ಮನೆಯಲ್ಲಿ ಆ ಒಬ್ಬರು ಅಕ್ಕನೇ. ಇದನ್ನು ಕಂಡ ಮೇಲೆ ‘ಮೂರು ಸಲ ತಪ್ಪಿದರೆ ಕೈಬಿಡುವ’ ನಿಯಮ ನನಗೆ ಅನ್ಯಾಯದ ನಿಯಮವಾಗಿ ಕಂಡಿತು. ಅದು ಮನಸ್ಸಿಲ್ಲದವರನ್ನು ಹೊರಗೆ ಹಾಕುತ್ತಿರಲಿಲ್ಲ. ಮನೆಯಲ್ಲಿ ತನ್ನ ಬದಲು ನಿಲ್ಲುವವರು ಇಲ್ಲದವರನ್ನು ಹೊರಗೆ ಹಾಕುತ್ತಿತ್ತು. ಮುಂದಿನ ಸಭೆಯಲ್ಲಿ ಎರಡೂ ಹಾಳೆಗಳನ್ನು ಎಲ್ಲರ ಮುಂದೆ ಇಟ್ಟೆ. ಆ ಹಿರಿಯರೇ ಮೊದಲು ನಿಯಮ ಬೇಡ ಅಂದರು.

ಬದಲಿಸಿದ್ದು

ಮೊದಲು ಪ್ರಶ್ನೆ ಬದಲಾಯಿತು. ‘ನಿಮಗೆ ಯಾವಾಗ ಬಿಡುವು?’ ಎಂದು ಕೇಳುವುದನ್ನು ನಿಲ್ಲಿಸಿ, ‘ಯಾವ ಹೊತ್ತು ಖಂಡಿತ ಆಗುವುದಿಲ್ಲ?’ ಎಂದು ಕೇಳತೊಡಗಿದೆವು. ಬಿಡುವು ಯಾವಾಗ ಅಂದರೆ ಜನ ಸಂಕೋಚಕ್ಕೆ ಹೆಚ್ಚು ಹೇಳಿಬಿಡುತ್ತಾರೆ. ಆಗದ ಹೊತ್ತು ಯಾವುದು ಅಂದರೆ ನಿಜ ಹೇಳುತ್ತಾರೆ.

ಎರಡನೆಯದು, ಜೋಡಿ. ಅಕ್ಕನ ಜೊತೆಗೆ ಇನ್ನೊಬ್ಬರನ್ನು ಹುಡುಕಬೇಕಿತ್ತು. ಮಿಲ್ಲಿನಲ್ಲೇ ಕೆಲಸ ಮಾಡುವ ಅಕ್ಕನ ಗೆಳತಿ ತಯಾರಿದ್ದರು. ಅದೇ ಓಣಿ, ಅದೇ ನಳ, ಅದೇ ಮಿಲ್ಲು. ಅಂದರೆ ಇಬ್ಬರೂ ಒಂದೇ ದಿನ ತಪ್ಪುತ್ತಾರೆ. ಬೇಡ ಅಂದುಕೊಂಡೆವು. ನಮಗೆ ಬೇಕಿದ್ದದ್ದು ಅಕ್ಕನ ತೊಂದರೆಯ ದಿನ ತೊಂದರೆ ಇಲ್ಲದವರು. ಕಲಬುರಗಿಯ ಕೆಲವು ವಾರ್ಡುಗಳಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆಯಲ್ಲೇ ಬಹಳ ಹಿಂದೆಯೇ 24 ಗಂಟೆ ನೀರಿನ ಯೋಜನೆ ಬಂದಿದೆ. ಅಂಥ ಒಂದು ಕಡೆ, ನಮ್ಮ ಭವನಕ್ಕೆ ನಡೆದು ಬರುವಷ್ಟು ದೂರದಲ್ಲಿ, ಬಿ.ಎಸ್ಸಿ. ಓದಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುವ ಒಬ್ಬರಿದ್ದರು. ಮಕ್ಕಳು ಅವರನ್ನು ಆಪಾ ಎಂದು ಕರೆದರು. ಆಪಾ ಅವರ ಕಷ್ಟದ ಹೊತ್ತು ಬೇರೆ: ಮದುವೆ ಸೀಸನ್ನು ಮತ್ತು ರಂಜಾನ್ ತಿಂಗಳ ಸಂಜೆ. ಜೊತೆಗೆ ರೇಖಾಗಣಿತದ ಪ್ರಮೇಯಗಳಲ್ಲಿ ಅವರಿಗೆ ಒಳ್ಳೆಯ ಹಿಡಿತ. ಅಕ್ಕ ಅವುಗಳಿಗೆ ಸ್ವಲ್ಪ ಹೆದರುತ್ತಿದ್ದರು. ಆಪಾ ಥೇಲ್ಸ್ ಪ್ರಮೇಯವನ್ನು ಬಟ್ಟೆ ಕತ್ತರಿಸುವ ಕಾಗದದ ಮೇಲೆ ತೋರಿಸಿದರು.

ಮೂರನೆಯದು, ಒಂದು ನೋಟ್‌ಬುಕ್. ಪಾಠ ಮುಗಿದ ಮೇಲೆ ಎಲ್ಲಿಗೆ ನಿಂತಿತು, ಯಾವ ಮಗು ಎಲ್ಲಿ ಎಡವಿತು, ಮುಂದೆ ಯಾವ ಲೆಕ್ಕ ಎಂದು ನಾಲ್ಕು ಸಾಲು ಬರೆದು ಭವನದ ಕಪಾಟಿನಲ್ಲಿ ಇಡುವುದು. ನಳ ಬರುವ ಸೂಚನೆ ಅಕ್ಕನ ಓಣಿಗೆ ಹಿಂದಿನ ರಾತ್ರಿಯೋ ಬೆಳಿಗ್ಗೆಯೋ ಸಿಗುತ್ತಿತ್ತು. ಅಕ್ಕ ಆಪಾಗೆ ‘ನಾಳೆ ನಳ’ ಎಂದು ಎರಡು ಪದದ ಸಂದೇಶ ಹಾಕುತ್ತಿದ್ದರು. ಕ್ಷಮೆ ಕೇಳುವುದು, ಕಾರಣ ಹೇಳುವುದು ಏನೂ ಬೇಕಿರಲಿಲ್ಲ. ಆಪಾ ಬರುತ್ತಿದ್ದರು, ನೋಟ್‌ಬುಕ್ ನೋಡಿ ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಮಕ್ಕಳಿಗೆ ಗಣಿತ ತಪ್ಪುತ್ತಿರಲಿಲ್ಲ. ಆಪಾ ಕತ್ತಲಲ್ಲಿ ಮನೆಗೆ ಹೋಗಲು ಅವರ ತಮ್ಮ ಬಂದು ಕರೆದುಕೊಂಡು ಹೋಗುವ ವ್ಯವಸ್ಥೆಯನ್ನೂ ಮೊದಲೇ ಮಾತಾಡಿಕೊಂಡೆವು.

ನಾಲ್ಕನೆಯ ಬದಲಾವಣೆ ಅಕ್ಕನ ಮನೆಯೊಳಗೆ ಆದದ್ದು. ನನ್ನ ಪ್ರಕಾರ ಇದೇ ದೊಡ್ಡದು. ಅಕ್ಕ ಅಲ್ಲಿಯವರೆಗೆ ಪಾಠವನ್ನು ತನ್ನೊಬ್ಬಳ ಆಸೆ ಎಂಬಂತೆ ನಡೆಸಿಕೊಂಡು ಬಂದಿದ್ದರು. ಮನೆಯ ಯಾವ ಕೆಲಸವೂ ಕಮ್ಮಿಯಾಗದ ಹಾಗೆ, ಯಾರಿಗೂ ಹೊರೆಯಾಗದ ಹಾಗೆ, ತಮ್ಮ ನಿದ್ದೆಯನ್ನೇ ಕತ್ತರಿಸಿ ಬರುತ್ತಿದ್ದರು. ಅದು ಬಹಳ ದಿನ ನಡೆಯುವಂಥದ್ದಲ್ಲ. ಗಂಡ ರಜೆಯಲ್ಲಿದ್ದ ಒಂದು ದಿನ ಎಲ್ಲರೂ ಕೂತು ಮಾತಾಡಿದೆವು. ಅಕ್ಕನಿಗೆ ಎರಡು ಸಂಜೆ ಬೇಕು, ಅದು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಯುವವರೆಗೆ ಮಾತ್ರ ಎಂದು ಸ್ಪಷ್ಟವಾಗಿ ಹೇಳಿದೆವು. ಎಷ್ಟು ದಿನ ಎಂದು ಗೊತ್ತಾದದ್ದಕ್ಕೇ ಮನೆಯವರ ಮುಖ ಹಗುರಾಯಿತು.

ಮುಖ್ಯ ತೊಡಕು ರೊಟ್ಟಿಯದು. ಮಿಲ್ಲಿನಿಂದ ಬಂದು ಆ ಮನೆಗೆ ಬೇಕಾದಷ್ಟು ಜೋಳದ ರೊಟ್ಟಿ ಬಡಿಯಲು ಒಂದು ಗಂಟೆ ಬೇಕು. ಅತ್ತೆಗೆ ಅಂಗಡಿ ರೊಟ್ಟಿ ಒಪ್ಪಿಗೆ ಇರಲಿಲ್ಲ. ಕೊನೆಗೆ ಆದ ತೀರ್ಮಾನ: ಪಾಠದ ದಿನ ಬಿಸಿ ರೊಟ್ಟಿ ಇಲ್ಲ, ಭಾನುವಾರ ಒಟ್ಟಿಗೆ ಬಡಿದಿಟ್ಟ ಖಡಕ್ ರೊಟ್ಟಿ. ಪಲ್ಯ ಬೆಳಿಗ್ಗೆಯದೇ. ಶೇಂಗಾ ಹಿಂಡಿ, ಮೊಸರು ಹೇಗೂ ಇರುತ್ತದೆ. ಕೂತಲ್ಲೇ ಆಗುವ ಕೆಲಸ, ಸೊಪ್ಪು ಸೋಸುವುದು, ಹಿಂಡಿ ಕುಟ್ಟುವುದು, ಅತ್ತೆ ತಾವೇ ತೆಗೆದುಕೊಂಡರು. ಗಂಡ ಡ್ಯೂಟಿ ಇಲ್ಲದ ದಿನ ನೀರು ತಾನು ಹಿಡಿಯುತ್ತೇನೆ ಅಂದರು. ‘ಓಣ್ಯಾಗ ಗಂಡಸು ಕೊಡ ಹೊತ್ತರ ಮಂದಿ ನೋಡ್ತಾರ’ ಎಂದು ಅತ್ತೆ ಒಮ್ಮೆ ಅಂದರು. ಅವರು ‘ನೋಡ್ಲಿ ಬಿಡವ್ವ’ ಎಂದರು. ಮಾತು ಅಲ್ಲಿಗೆ ಮುಗಿಯಿತು.

ನವೆಂಬರ್ ಮಧ್ಯದಿಂದ ಗಣಿತ ಪಾಠ ತಪ್ಪದೆ ನಡೆಯಿತು. ಬಿಟ್ಟುಹೋದ ಹೆಣ್ಣುಮಕ್ಕಳ ಮನೆಗಳಿಗೆ ಅಕ್ಕ, ಆಪಾ ಇಬ್ಬರೂ ಹೋಗಿ ಮಾತಾಡಿದರು. ಎಲ್ಲರೂ ವಾಪಸ್ ಬರಲಿಲ್ಲ. ಕೆಲವರು ಬಂದರು.

ತೊಗರಿ ಮತ್ತು ರಂಜಾನ್

ನಿಜವಾದ ಪರೀಕ್ಷೆ ಜನವರಿಯಲ್ಲಿ ಬಂತು. ನಮ್ಮದು ತೊಗರಿಯ ನಾಡು. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಕೂಡ ಸಿಕ್ಕಿದೆ. ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್, ಜನವರಿಯಲ್ಲಿ ಕಟಾವಾಗಿ ಮಾರುಕಟ್ಟೆಗೆ ಬರುತ್ತದೆ. ಆಗ ದಾಲ್ ಮಿಲ್ಲುಗಳಿಗೆ ಬಿಡುವಿಲ್ಲ. ಲಾರಿ ಬಂದರೆ ತೂಕ, ಬಿಲ್ಲು, ರೈತರ ಲೆಕ್ಕ ಮುಗಿಯುವವರೆಗೆ ಲೆಕ್ಕ ಬರೆಯುವವರು ಎದ್ದು ಬರುವಂತಿಲ್ಲ. ಹತ್ತನೇ ತರಗತಿಗೆ ಗಣಿತ ಬಹಳ ಬೇಕಾಗುವುದೂ ಅದೇ ತಿಂಗಳುಗಳಲ್ಲಿ.

ಇದು ನವೆಂಬರ್‌ನಲ್ಲೇ ಗೊತ್ತಿತ್ತು, ಏಕೆಂದರೆ ಆಗದ ಹೊತ್ತು ಯಾವುದು ಎಂದು ಮೊದಲೇ ಕೇಳಿದ್ದೆವು. ಸಂಕ್ರಾಂತಿಯಿಂದ ಫೆಬ್ರವರಿ ಕೊನೆಯವರೆಗೆ ಅಕ್ಕ ಭವನಕ್ಕೆ ಬರುವುದಿಲ್ಲ ಎಂದು ಎಲ್ಲರ ಎದುರು ನಿರ್ಧಾರವಾಗಿತ್ತು. ಆ ಭಾರ ಪೂರ್ತಿ ಆಪಾ ಮೇಲೆ ಹಾಕಿದ್ದರೆ ಅವರೂ ಕುಸಿಯುತ್ತಿದ್ದರು. ಮಾಸ್ತರ ಹಳೆಯ ವಿದ್ಯಾರ್ಥಿ ಒಬ್ಬ ಎಂಜಿನಿಯರಿಂಗ್ ಓದುತ್ತಿದ್ದ. ಅವನನ್ನು ಆರು ವಾರಕ್ಕೆ ಮಾತ್ರ ಕೇಳಿದೆವು. ವರ್ಷವಿಡೀ ಬಾ ಅಂದಿದ್ದರೆ ಅವನು ಒಪ್ಪುತ್ತಿರಲಿಲ್ಲ. ಆರು ವಾರ ಅಂದದ್ದಕ್ಕೆ ಕೂಡಲೇ ಹೂಂ ಅಂದ. ಅಕ್ಕ ಪೂರ್ತಿ ದೂರವಾಗಲಿಲ್ಲ. ವಾರಕ್ಕೊಂದು ಟೆಸ್ಟಿನ ಹಾಳೆಗಳು ಅವರ ಮನೆಗೆ ಹೋಗುತ್ತಿದ್ದವು. ಮಕ್ಕಳು ಮಲಗಿದ ಮೇಲೆ ತಿದ್ದಿ, ಪ್ರತಿ ಮಗುವಿಗೂ ಒಂದು ಸಾಲು ಬರೆದು ಕಳಿಸುತ್ತಿದ್ದರು. ಒಬ್ಬ ಹುಡುಗನಿಗೆ ‘ಉತ್ತರ ತಪ್ಪು, ದಾರಿ ಸರಿ. ಮೈನಸ್ ನೋಡಿಕೋ’ ಎಂದು ಬರೆದದ್ದನ್ನು ಅವನು ಪುಸ್ತಕದಲ್ಲಿ ಅಂಟಿಸಿಕೊಂಡಿದ್ದ.

2025ರ ಮಾರ್ಚ್ 2ಕ್ಕೆ ರಂಜಾನ್ ಉಪವಾಸ ಶುರುವಾಯಿತು. ಪಾಠ ಶುರುವಾಗುವ ಆರೂವರೆಯೇ ಇಫ್ತಾರ್ ಹೊತ್ತು. ಅಕ್ಕ ಆ ಹೊತ್ತಿಗೆ ಮಿಲ್ಲಿನ ಗಡಿಬಿಡಿಯಿಂದ ಹೊರಬಂದು ಸಂಜೆ ಪಾಠಕ್ಕೆ ಮರಳಿದ್ದರು. ಆದರೆ ಪರೀಕ್ಷೆ ಮಾರ್ಚ್ 21ರಿಂದ, ಇಬ್ಬರೂ ಬೇಕಿತ್ತು. ಆಪಾ ಅವರೇ ದಾರಿ ಹೇಳಿದರು: ‘ಸೆಹ್ರಿಗೆ ಎದ್ದಿರ್ತೀನ್ರಿ. ಫಜರ್ ನಮಾಜ್ ಆದ ಮ್ಯಾಲ ಮಲಗಂಗಿಲ್ಲ. ಮುಂಜಾನಿ ಆರಕ್ಕ ಇಡ್ರಿ.’ ಆರರಿಂದ ಏಳರವರೆಗೆ ಆಪಾ ಪಾಠ, ಸಂಜೆ ಅಕ್ಕನ ಪಾಠ. ಮಾರ್ಚ್‌ನಲ್ಲಿ ನಮ್ಮೂರ ಬಿಸಿಲು ಗೊತ್ತಲ್ವಾ? ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಹೊತ್ತನ್ನು ಹವೆಗೆ ತಕ್ಕ ಹಾಗೆ ಸರಿಸುವುದು ನಮ್ಮ ಕಡೆ ಹೊಸದೇನಲ್ಲ.

ಬೆಳಗಿನ ಪಾಠದಿಂದ ನಾವು ಎಣಿಸದೇ ಇದ್ದ ಒಂದು ಲಾಭವಾಯಿತು. ಸಂಜೆ ಕತ್ತಲೆಯ ಕಾರಣಕ್ಕೆ ನಿಂತಿದ್ದ ಕೆಲವು ಹೆಣ್ಣುಮಕ್ಕಳು ಬೆಳಿಗ್ಗೆ ಬಂದರು. ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಹಾಲು, ಪೇಪರ್ ಹಾಕುವ ಕೆಲಸವಿದ್ದ ಗಂಡುಮಕ್ಕಳಿಗೆ ಬೆಳಿಗ್ಗೆ ಆಗಲಿಲ್ಲ, ಅವರು ಸಂಜೆಗೆ ಉಳಿದರು. ಒಂದೇ ಹೊತ್ತು ಎಲ್ಲರಿಗೂ ಸರಿ ಎಂದು ಒಂಬತ್ತು ತಿಂಗಳು ನಡೆಸಿದ್ದೆವು. ಸ್ವಯಂಸೇವಕಿಯ ಅನುಕೂಲಕ್ಕೆ ಹೊತ್ತು ಬದಲಿಸಿದ್ದು ಮಕ್ಕಳಿಗೇ ಅನುಕೂಲವಾಯಿತು.

ಏನಾಯಿತು

2025ರ ಪರೀಕ್ಷೆ-1ರ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ 91.12ರೊಂದಿಗೆ ಮೊದಲಿತ್ತು. ನಮ್ಮ ಕಲಬುರಗಿ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆ. ಒಂದು ಓಣಿಯ ಸಂಜೆ ಪಾಠದಿಂದ ಜಿಲ್ಲೆಯ ಅಂಕಿ ಬದಲಾಗುವುದಿಲ್ಲ. ಅದು ಆ ದಿನ ಎದೆಗೆ ನಾಟಿತು. ನಮ್ಮ ಮಕ್ಕಳಲ್ಲಿ ಕೊನೆಯವರೆಗೆ ಬಂದವರು ಹೆಚ್ಚಿನವರು ಗಣಿತದಲ್ಲಿ ಪಾಸಾದರು. ಕೆಲವರು ಫೇಲಾದರು. ಒಬ್ಬ ಹುಡುಗ ಜನವರಿಯಲ್ಲೇ ತಂದೆತಾಯಿ ಜೊತೆ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋದ, ಪರೀಕ್ಷೆಗೆ ಬರಲಿಲ್ಲ. ಅವನ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ.

ಫೇಲಾದವರಿಗೆ ಪರೀಕ್ಷೆ-2ರ ಅವಕಾಶವಿತ್ತು. 2024ರಿಂದ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿದೆ. ಮೇ ತಿಂಗಳ ಬಿಸಿಲಲ್ಲಿ, ಮದುವೆ ಸೀಸನ್ನಿನಲ್ಲಿ ಯಾರು ಪಾಠ ಮಾಡಬೇಕು? ಆಪಾ ಹೊಲಿಗೆಯಲ್ಲಿ ಮುಳುಗಿದ್ದರು. ಪರೀಕ್ಷೆ ಮುಗಿಯುವವರೆಗೆ ಎಂದು ಅಕ್ಕನ ಮನೆಗೆ ಕೊಟ್ಟ ಮಾತಿನ ಅವಧಿ ಆಗಲೇ ಮುಗಿದಿತ್ತು. ಹಾಗಾಗಿ ಮತ್ತೆ ಮನೆಗೆ ಹೋಗಿ ಹೊಸದಾಗಿ ಕೇಳಿದೆವು, ಸುಮ್ನೆ ಮುಂದುವರಿಸಲಿಲ್ಲ. ಮಿಲ್ಲಿನಲ್ಲಿ ಆಗ ಕೆಲಸ ಕಡಿಮೆ. ಅತ್ತೆಯೇ ‘ಹೋಗಿ ಬಾ, ಮಕ್ಕಳ ಜೀವನದ ಪ್ರಶ್ನಿ ಅದ’ ಅಂದರು. ಅಕ್ಕ ಬೆಳಗಿನ ಹೊತ್ತು ತೆಗೆದುಕೊಂಡರು. ಫೇಲಾದವರಲ್ಲಿ ಕೆಲವರು ಆ ಸಲ ದಾಟಿದರು.

ಬೇರೆ ಕಡೆಯವರಿಗೆ

ಬೀದರ್‌ನಲ್ಲೋ ಯಾದಗಿರಿಯಲ್ಲೋ ಇಂಥ ಕೆಲಸ ಮಾಡುವವರು ಇದನ್ನು ಓದಿದರೆ ಒಂದು ಮಾತು ಒತ್ತಿ ಹೇಳಬೇಕು. ಒಬ್ಬರು ತಪ್ಪುತ್ತಿದ್ದರೆ ಅವರ ಮನಸ್ಸನ್ನು ಅಳೆಯುವ ಮೊದಲು ಅವರ ಮನೆಯ ಕ್ಯಾಲೆಂಡರ್ ನೋಡಿ. ಒಂದು ಮನೆಯ ಹೆಣ್ಣುಮಗಳ ಒಂದು ಗಂಟೆ ಆಕೆಯೊಬ್ಬಳ ಕೈಯಲ್ಲಿ ಇರುವುದಿಲ್ಲ. ಅದನ್ನು ಕೇಳಬೇಕಾದದ್ದು ಆಕೆಯನ್ನು ಮಾತ್ರವಲ್ಲ, ಮನೆಯವರನ್ನೂ. ನೀರು ಯಾರು ಹಿಡಿಯುತ್ತಾರೆ, ರೊಟ್ಟಿ ಯಾರು ಬಡಿಯುತ್ತಾರೆ ಎಂಬ ಮಾತನ್ನು ಸ್ವಯಂಸೇವೆಯ ಸಭೆಯಲ್ಲಿ ಆಡಲು ಸಂಕೋಚ ಬೇಡ. ಟೈಮ್ ಇರುವುದೇ ಅಲ್ಲಿ.

ಜೋಡಿ ಮಾಡುವಾಗ ಗೆಳೆಯರನ್ನು ಗೆಳೆಯರ ಜೊತೆ ಹಾಕಬೇಡಿ ಎಂದು ನಾನು ಹೇಳುತ್ತೇನೆ. ಇದನ್ನು ಎಲ್ಲರೂ ಒಪ್ಪುವುದಿಲ್ಲ, ಗೆಳೆತನದಿಂದ ಉತ್ಸಾಹ ಉಳಿಯುತ್ತದೆ ಅನ್ನುತ್ತಾರೆ. ನಮ್ಮಲ್ಲಿ ಆದದ್ದು ಬೇರೆ. ಹಬ್ಬ ಬೇರೆ, ನಳ ಬೇರೆ, ಸೀಸನ್ ಬೇರೆ ಆಗಿದ್ದ ಇಬ್ಬರು ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಹೋಳಿ ಹುಣ್ಣಿಮೆಯ ನಂತರ ಶರಣಬಸವೇಶ್ವರ ಜಾತ್ರೆಗೆ ಅಕ್ಕನ ಮನೆಗೆ ನೆಂಟರು ಬಂದಾಗ ಉಪವಾಸದಲ್ಲೂ ಆಪಾ ಪಾಠ ನಿಲ್ಲಿಸಲಿಲ್ಲ. ಈದ್ ದಿನ ಅಕ್ಕ ಆಪಾ ಮನೆಗೆ ಹೋಗಿ ಶೀರ್ ಖುರ್ಮಾ ಕುಡಿದು ಬಂದರು. ಗೆಳೆತನ ಆಮೇಲೆ ತಾನಾಗಿ ಬಂತು.

ಎಲ್ಲದಕ್ಕೂ ಇದು ಪರಿಹಾರವಲ್ಲ. ಗಣೇಶ ಚತುರ್ಥಿ ಹೊತ್ತಿಗೆ ಬಿಟ್ಟುಹೋದ ಆ ಹುಡುಗನಿಗೆ ನಾವು ದಾರಿ ಮಾಡಿಕೊಡಲಾಗಲಿಲ್ಲ. ಅಕ್ಕನ ಆಗದ ಹೊತ್ತನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ಅವನದನ್ನು ಹಾಕಲಾಗುವುದಿಲ್ಲ. ಆರ್ಡರ್ ಬಂದರೆ ದುಡಿಮೆ, ಬರದಿದ್ದರೆ ಇಲ್ಲ. ಅಂಥ ಕೆಲಸದಲ್ಲಿರುವ ಹುಡುಗರು ನಮ್ಮೂರಲ್ಲಿ ಹೆಚ್ಚುತ್ತಿದ್ದಾರೆ, ಅವರಲ್ಲಿ ಓದಿದವರೂ ಇದ್ದಾರೆ. ಅವನಿಗೆ ಬೆಳಗಿನ ಹೊತ್ತು ಆರ್ಡರ್ ಕಮ್ಮಿ ಎಂದು ಆಪಾ ಪಾಠ ಶುರುವಾದ ಮೇಲೆ ತಿಳಿಯಿತು. ಹೊಸ ವರ್ಷದ ಪಾಠವನ್ನು ಅದಕ್ಕೇ ಎರಡು ಹೊತ್ತಿನಲ್ಲಿ ಇಟ್ಟಿದ್ದೇವೆ. ಸ್ವಯಂಸೇವಕರ ಅರ್ಜಿಯಲ್ಲಿ ಹೆಸರು, ಓದು ಆದ ಮೇಲೆ ಮೊದಲ ಪ್ರಶ್ನೆ: ‘ನಿಮ್ಮ ಮನೆಗೆ ನಳ ಎಷ್ಟು ದಿನಕ್ಕೊಮ್ಮೆ? ಯಾರು ಹಿಡಿಯುತ್ತಾರೆ?’ ಆ ಹುಡುಗನೂ ಅರ್ಜಿ ತುಂಬಿ ಕೊಟ್ಟಿದ್ದಾನೆ. ಎರಡನೇ ಪ್ರಶ್ನೆಯ ಎದುರು ‘ಅವ್ವ’ ಎಂದು ಬರೆದು, ಅದನ್ನು ಹೊಡೆದು, ‘ನಾನು ಹಿಡಿಯಬಲ್ಲೆ’ ಎಂದು ಬರೆದಿದ್ದಾನೆ. ಅವನ ಅವ್ವ ಏಳನೇ ತರಗತಿವರೆಗೆ ಓದಿದವರು. ಸಣ್ಣ ಮಕ್ಕಳಿಗೆ ಮಗ್ಗಿ ಹೇಳಿಕೊಡಲು ಶನಿವಾರ ಬರುತ್ತೇನೆ ಎಂದು ಹೇಳಿಕಳಿಸಿದ್ದಾರೆ.